ಗೊಬ್ಬರದ ಕಾರ್ಖಾನೆ ಬಿಸ್ಕತ್ತಿನ ಪುಡಿ ಮಾಡಿದರೆ ಮರಕ್ಕೇನು ಹಾಕೋದು?

ಬಿಳಿಗೆರೆ: ಬಸ್ಸಿಗೆ ಕಾಯುತ್ತಾ ಬೆಣ್ಣೆ ಬಿಸ್ಕತ್ತನ್ನು ಟೀಗೆ ಅದ್ದಿ ತಿನ್ನುವವರಿಗೆ ಒಂದು ಸಮಾಚಾರ. ಬಿಸ್ಕತ್ತು ಗರಿಗರಿ ಆಗಲಿ ಅಂತ ಬೇಕರಿಯವರು ಹಾಕುವ ‘ಅಮೋನಿಯಾ’ ಪುಡಿ, ಅಂದರೆ ಅಮೋನಿಯಂ ಬೈಕಾರ್ಬೊನೇಟ್, ಮತ್ತು ನಾವು ತೆಂಗಿನ ಬುಡಕ್ಕೆ ಹಾಕುವ ಯೂರಿಯಾ ಒಂದೇ ತಾಯಿಯ ಮಕ್ಕಳು. ಅಮೋನಿಯಾ ಅನಿಲ, ಇಂಗಾಲದ ಡೈ ಆಕ್ಸೈಡ್ ಎರಡನ್ನೂ ಭಾರಿ ಒತ್ತಡದಲ್ಲಿ ಬೇಯಿಸಿದರೆ ಯೂರಿಯಾ. ಅವನ್ನೇ ನೀರಿನ ಜೊತೆ ಸೇರಿಸಿದರೆ ಬಿಸ್ಕತ್ತಿನ ಪುಡಿ. ಮಂಗಳೂರು ಪಣಂಬೂರಿನ ಎಂ.ಸಿ.ಎಫ್. ಎರಡನ್ನೂ ಮಾಡುತ್ತದೆ. ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕವೂ ಅಲ್ಲಿಂದ ಬರುತ್ತದೆ.

ಹಾಗಾದರೆ ನಿಂತುಹೋದ ಗೊಬ್ಬರದ ಕಾರ್ಖಾನೆ ಬೇರೆ ಮಾಲು ಮಾಡಿಕೊಂಡು ಬದುಕಬಾರದೇ ಅಂತ ಕೇಳುವವರಿದ್ದಾರೆ.

ಬದುಕಬಹುದು ಸ್ವಾಮಿ. ಒರಿಸ್ಸಾದ ತಾಲ್ಚೇರಿನಲ್ಲಿ ಗೊಬ್ಬರದ ಕಾರ್ಖಾನೆಯ ಅನಿಲ ನಂಬಿಕೊಂಡು ಪಕ್ಕದಲ್ಲೇ ಭಾರಜಲ ಘಟಕ ಕಟ್ಟಿದ್ದರು. ಗೊಬ್ಬರದ್ದು ಸೊರಗಿ 1999ರಲ್ಲಿ ನಿಂತೇಹೋಯಿತು. ಅನಿಲವಿಲ್ಲದೆ ಭಾರಜಲದ ಕೆಲಸವೂ ಕೆಟ್ಟಿತು. ಆದರೆ ಆ ಘಟಕ ಬೀಗ ಹಾಕಲಿಲ್ಲ. ಯುರೇನಿಯಂ ಬೇರ್ಪಡಿಸಲು ಬೇಕಾಗುವ ದ್ರಾವಕ ತಯಾರಿಸುವ ಕಸುಬಿಗೆ ತಿರುಗಿಕೊಂಡಿತು. ಅಣುಶಕ್ತಿ ಇಲಾಖೆಗೆ ಅದು ಬೇಕಿತ್ತು, ಗಿರಾಕಿ ಮನೆಯಲ್ಲೇ ಇದ್ದ. ಎಲ್ಲರಿಗೂ ಅಂಥ ಗಿರಾಕಿ ಸಿಗುತ್ತಾನೆಯೇ?

ಪಣಂಬೂರಿನ ಕಥೆ ಬೇರೆ. 1976ರಲ್ಲಿ ಶುರುವಾದ, ರಾಜ್ಯದಲ್ಲಿ ಯೂರಿಯಾ ಮಾಡುವ ಏಕೈಕ ಕಾರ್ಖಾನೆ ಅದು. ನಾಫ್ತಾ ಎಂಬ ದುಬಾರಿ ಎಣ್ಣೆ ಅದರ ಆಹಾರ. ನಾಫ್ತಾದಿಂದ ಮಾಡಿದ ಯೂರಿಯಾಕ್ಕೆ ಸಬ್ಸಿಡಿ ಇಲ್ಲ ಅಂತ ಕೇಂದ್ರ ಸರ್ಕಾರ ಕೈ ಎತ್ತಿದಾಗ 2014ರ ಅಕ್ಟೋಬರಿನಲ್ಲಿ ಯೂರಿಯಾ ನಿಂತಿತು. ಮತ್ತೆ ಶುರುವಾದದ್ದು ಮರುವರ್ಷ ಜನವರಿಯಲ್ಲಿ. ಅಲ್ಲಿ ಬದಲಾಗಬೇಕಿದ್ದದ್ದು ಮಾಲಲ್ಲ, ಒಲೆಗೆ ಹಾಕುವ ಸೌದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರು ಗ್ಯಾಸ್ ಪೈಪು ಬರುವ ತನಕ ಕಾಯಬೇಕಾಯಿತು. 2020ರ ಕೊನೆಗೆ ಗ್ಯಾಸು ಬಂತು, ಕಾರ್ಖಾನೆ ನಾಫ್ತಾ ಬಿಟ್ಟಿತು. ಪೈಪಿನ ಉದ್ಘಾಟನೆ 2021ರ ಜನವರಿ 5ರಂದು ಆಯಿತು.

ಇದರಿಂದ ಬಿಳಿಗೆರೆಗೇನು ಅಂತೀರಾ? ಫಲ ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ ಅರ್ಧ ಕೆ.ಜಿ. ಸಾರಜನಕ ಬೇಕು ಅಂತ ತಜ್ಞರ ಲೆಕ್ಕ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಅಂದರೆ ಮರಕ್ಕೆ ಸುಮಾರು 1.1 ಕೆ.ಜಿ. ಯೂರಿಯಾ, ನೂರು ಮರದ ತೋಟಕ್ಕೆ ಎರಡೂವರೆ ಮೂಟೆ ಹತ್ತಿರ. ಕೊಟ್ಟಿಗೆ ಗೊಬ್ಬರ ಧಾರಾಳ ಇರುವವರಿಗೆ ಇಷ್ಟು ಬೇಡ, ಆದರೆ ಈಗ ದನ ಎಷ್ಟು ಮನೆಯಲ್ಲಿವೆ?

ಮಳೆ ಬಿದ್ದ ವಾರ ಮೂಟೆ ಸಿಗದಿದ್ದರೆ ಬೇಕರಿ ಪುಡಿ ತಂದು ಬುಡಕ್ಕೆ ಸುರಿಯಲಾಗದು. ಅದು ಬಿಸಿಲಿಗೇ ಹಾರಿಹೋಗುವ ಜಾತಿ. 45 ಕೆ.ಜಿ. ಯೂರಿಯಾ ಮೂಟೆಗೆ ಸರ್ಕಾರದ ದರ 266 ರೂಪಾಯಿ 50 ಪೈಸೆ. ಆ 50 ಪೈಸೆ ಚಿಲ್ಲರೆ ಮಾತ್ರ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.