ದೂರು ಕೂದಲ ಮೇಲೆ, ತಪ್ಪು ಮೂಗಿನದು

‘ಬೇಸಿಗೆ ಬಂತು. ನಮ್ಮ ಶಿಟ್ಜು ನಾಯಿ ಇಡೀ ದಿನ ಏದುಸಿರು ಬಿಡುತ್ತೆ. ಮೈಯೆಲ್ಲ ಬೋಳಿಸಿಬಿಡಲಾ ಸಾರ್?’ ಎಂದು ಬೆಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ. ಬೇಡಿ. ಕತ್ತರಿಸಿದರೆ ತಪ್ಪಿಲ್ಲ, ಬೋಳಿಸಬೇಡಿ. ಕಾರಣ ಹೇಳುವ ಮುಂಚೆ ಆ ಕೂದಲಿನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಬಿಡಲು ಮನಸ್ಸಾಗದಷ್ಟು ಸೊಗಸಾಗಿದೆ ಅದು.

ನಮ್ಮ ಮುಧೋಳ ನಾಯಿಯ ಕೂದಲು ಮೈಗೆ ಅಂಟಿಕೊಂಡಷ್ಟು ಗಿಡ್ಡ. ಶಿಟ್ಜುವಿನದು ಬಿಟ್ಟರೆ ನೆಲ ಗುಡಿಸುತ್ತದೆ. ಯಾಕೆ? ಪ್ರತಿ ಕೂದಲೂ ಒಂದಷ್ಟು ಕಾಲ ಬೆಳೆದು, ಆಮೇಲೆ ಸುಮ್ಮನಿದ್ದು, ಕೊನೆಗೆ ಉದುರುತ್ತದೆ. ‘ಬೆಳೆದದ್ದು ಸಾಕು’ ಎಂದು ಬುಡಕ್ಕೆ ಹೇಳುವುದು ಎಫ್‌ಜಿಎಫ್-5 ಎಂಬ ಪ್ರೋಟೀನು. ಬಸ್ಸು ನಿಲ್ಲಿಸಲು ಕಂಡಕ್ಟರ್ ಊದುವ ಸೀಟಿ ಇದ್ದ ಹಾಗೆ. ಶಿಟ್ಜುವಿನಲ್ಲಿ ಆ ಸೀಟಿ ಕೆಟ್ಟಿದೆ. ಹಾಗಾಗಿ ಕೂದಲು ತನ್ನ ಸ್ಟಾಪು ದಾಟಿ ಎಷ್ಟೋ ದೂರ ಹೋಗಿ ನಿಲ್ಲುತ್ತದೆ.

ಕೆಟ್ಟಿರುವುದಾದರೂ ಎಷ್ಟು? ನಾಯಿಯ ಜೀನೋಮಿನಲ್ಲಿ ಸುಮಾರು 240 ಕೋಟಿ ಅಕ್ಷರಗಳಿವೆ. ಹೆಚ್ಚಿನ ಉದ್ದಗೂದಲ ತಳಿಗಳಲ್ಲಿ ಬದಲಾಗಿರುವುದು ಈ ಪ್ರೋಟೀನು ತಯಾರಿಸುವ ಜೀನಿನ ಒಂದೇ ಒಂದು ಅಕ್ಷರ! ಅದರಿಂದ ಅಮೈನೋ ಆಮ್ಲಗಳ ಸರದಂತಿರುವ ಪ್ರೋಟೀನಿನ 95ನೇ ಮಣಿ ಸಿಸ್ಟೀನ್ ಹೋಗಿ ಫಿನೈಲ್‌ಅಲನೀನ್ ಬಂದು ಕೂತಿದೆ. 2006ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಕಾರ್ಗಿ ನಾಯಿಗಳಲ್ಲಿ ತೋರಿಸಿದರು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಜಾಲಾಡಿದಾಗ, ಅವುಗಳ ತುಪ್ಪಳದ ವೈವಿಧ್ಯವೆಲ್ಲ ಬಹುಪಾಲು ಮೂರೇ ಜೀನುಗಳ ಆಟ ಎಂದು ಗೊತ್ತಾಯಿತು. ಉದ್ದಕ್ಕೊಂದು, ಗುಂಗುರಿಗೊಂದು, ಮೀಸೆ, ಗಡ್ಡ, ಹುಬ್ಬಿಗೊಂದು. ಶಿಟ್ಜುವಿನ ಮುಖದ ಆ ತಾತನ ಕಳೆ ಮೂರನೆಯದರ ಕೊಡುಗೆ. ಉದ್ದಗೂದಲ ಬೆಕ್ಕು, ಅಂಗೋರಾ ಇಲಿ, ಅಷ್ಟೇಕೆ, ರೆಪ್ಪೆಗೂದಲು ಅತಿಯಾಗಿ ಬೆಳೆಯುವ ಕೆಲವು ಮನುಷ್ಯ ಕುಟುಂಬಗಳಲ್ಲೂ ಕೆಟ್ಟಿರುವುದು ಇದೇ ಎಫ್‌ಜಿಎಫ್-5.

ಸರಿ, ಸೆಕೆಗೆ ಬರೋಣ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಬೆವರುವುದೇನಿದ್ದರೂ ಅಂಗಾಲಿನಲ್ಲಿ, ಅದೂ ಚೂರುಪಾರು. ಒಳಗಿನ ಬಿಸಿ ಹೊರಹೋಗುವ ದೊಡ್ಡ ದಾರಿ ಎಂದರೆ ಮೂಗು, ಬಾಯಿ, ನಾಲಿಗೆಯ ತೇವ ಆರುವುದು. ಶಿಟ್ಜುವಿನಂಥ ಚಪ್ಪಟೆ ಮುಖದ ಆಸೆಗೆ ನಾವು ತಲೆಮಾರುಗಟ್ಟಲೆ ಗಿಡ್ಡ ಮೂತಿಯವನ್ನೇ ಆರಿಸುತ್ತ ಬಂದೆವು. ಮೂಳೆಯೇನೋ ಗಿಡ್ಡವಾಯಿತು, ಒಳಗಿನ ಮಾಂಸ ಅದೇ ಲೆಕ್ಕದಲ್ಲಿ ಕಡಿಮೆಯಾಗಲಿಲ್ಲ. ಮೂಗಿನೊಳಗಿನ ಸುರುಳಿಗಳು, ಹಿಂದಿನ ಮೆದು ಅಂಗುಳ ಎಲ್ಲ ಇಕ್ಕಟ್ಟಿನಲ್ಲಿ ಒತ್ತಿಕೊಂಡು ಗಾಳಿಗೆ ಅಡ್ಡ ನಿಂತಿವೆ. ‘ಎಷ್ಟು ಮುದ್ದಾಗಿ ಗೊರಕೆ ಹೊಡೆಯುತ್ತೆ ನೋಡಿ’ ಎಂದು ವಿಡಿಯೊ ಮಾಡುತ್ತೀರಲ್ಲ, ಅದು ಉಸಿರಿಗೆ ಪಡುತ್ತಿರುವ ಕಷ್ಟ. ಎಷ್ಟೋ ವಿಮಾನ ಕಂಪನಿಗಳು ಮೊಂಡು ಮೂಗಿನ ನಾಯಿಗಳನ್ನು ಸರಕಿನ ಅಂಕಣದಲ್ಲಿ ಒಯ್ಯಲು ಒಪ್ಪದಿರುವುದೂ ಇದಕ್ಕೇ.

ಬೋಳಿಸಿದರೆ ಮೂಗು ಅಗಲವಾಗುವುದಿಲ್ಲ. ಬದಲಿಗೆ ಬಿಸಿಲಿಗೆ ಸುಡುವ ಚರ್ಮ ಬಯಲಾಗುತ್ತದೆ. ಕೆಲವು ನಾಯಿಗಳಲ್ಲಿ ಕೂದಲು ಮತ್ತೆ ಸರಿಯಾಗಿ ಹುಟ್ಟದೆ ತೇಪೆ ತೇಪೆಯಾಗುವುದೂ ಉಂಟು. ಒಂದಿಂಚು ಉಳಿಸಿ ಕತ್ತರಿಸಿ, ಸಾಕು. ಬಿಸಿಲೇರುವ ಮುಂಚೆ ವಾಕಿಂಗ್ ಮುಗಿಸಿ. ಮಧ್ಯಾಹ್ನ ಅದು ಬಚ್ಚಲಮನೆಯ ಕಲ್ಲಿನ ಮೇಲೆ ಹೊಟ್ಟೆ ಅಂಟಿಸಿ, ಹಿಂಗಾಲು ಚಾಚಿ ಮಲಗಿದ್ದರೆ ಎಬ್ಬಿಸಲು ಹೋಗಬೇಡಿ, ಅದಕ್ಕೆ ತಂಪಿನ ಜಾಗ ನಿಮಗಿಂತ ಚೆನ್ನಾಗಿ ಗೊತ್ತು.

ಕಣ್ಣ ಮೇಲಿನ ಕೂದಲು ತೆಗೆದರೆ ಬೆಳಕು ಹೊಡೆದು ನಾಯಿ ಕುರುಡಾಗುತ್ತದೆ ಎಂಬ ಮಾತನ್ನು ಓದಿಕೊಂಡವರ ಬಾಯಲ್ಲೇ ಕೇಳಿದ್ದೇನೆ. ಶುದ್ಧ ಸುಳ್ಳು. ಶಿಟ್ಜುವಿನ ಕಣ್ಣುಗುಳಿ ಆಳವಿಲ್ಲ, ಕಣ್ಣು ಮುಂದಕ್ಕೆ ಉಬ್ಬಿರುತ್ತದೆ. ಕೂದಲು ಉಜ್ಜಿ ಉಜ್ಜಿ ಹುಣ್ಣಾಗುವುದೇ ಅಲ್ಲಿ. ನೆತ್ತಿಯ ಮೇಲೆ ಕಟ್ಟುವ ಜುಟ್ಟು ಬರೀ ಶೋಕಿಯಲ್ಲ, ಕಣ್ಣಿನ ರಕ್ಷಣೆ. ಇನ್ನು ದೃಷ್ಟಿಯಾಗದಿರಲಿ ಎಂದು ಮರಿಯ ಕುತ್ತಿಗೆಗೆ ಕರಿದಾರ ಕಟ್ಟುವವರಿಗೆ ಏನು ಹೇಳಲಿ? ಕೂದಲಡಿ ದಾರ ಕಾಣುವುದಿಲ್ಲ, ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಚರ್ಮ ಕೊಯ್ಯುವುದು ಆ ದಾರವೇ ಹೊರತು ಯಾರ ಕಣ್ಣೂ ಅಲ್ಲ. ಇವತ್ತೇ ಕತ್ತರಿಸಿ ಬಿಸಾಡಿ.

ಬಾಚುವಾಗ ಮೇಲುಮೇಲೆ ಬ್ರಷ್ ಆಡಿಸಿ ಕೈತೊಳೆದುಕೊಳ್ಳಬೇಡಿ. ಬ್ರಷ್ ಹಾಯಾಗಿ ಜಾರಿದ ಕಡೆಯೇ ಸ್ಟೀಲಿನ ಬಾಚಣಿಗೆಯನ್ನು ಬುಡದಿಂದ ಎಳೆದು ನೋಡಿ. ಕಿವಿಯ ಹಿಂದೆ, ಕಂಕುಳಲ್ಲಿ, ಬೆಲ್ಟ್ ಉಜ್ಜುವಲ್ಲಿ ತಟ್ಟನೆ ಸಿಕ್ಕಿಕೊಳ್ಳುತ್ತದೆ. ಈ ತಳಿಯ ಉದುರಿದ ಕೂದಲು ಸೋಫಾದ ಮೇಲೆ ಬೀಳುವುದು ಕಡಿಮೆ, ಇದ್ದ ಕೂದಲಲ್ಲೇ ಹೆಣೆದುಕೊಂಡು ಗಂಟಾಗುವುದು ಹೆಚ್ಚು. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯುತ್ತದೆ. ಮಳೆಗಾಲದಲ್ಲಿ ಬೆರಳ ಸಂದಿ ಬಿಡಿಸಿ ನೋಡಿ, ಉಣ್ಣಿ ಕೂರುವುದು ಅಲ್ಲೇ.

ಸ್ವಭಾವದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚೀನಾದ ಅರಮನೆಯಲ್ಲಿ ಮಡಿಲ ಮೇಲೆ ಕೂರಲೆಂದೇ ಬೆಳೆಸಿದ ತಳಿ. 1930ರಲ್ಲಿ ಇಂಗ್ಲೆಂಡಿಗೆ ಬಂತು. ನಾಲ್ಕರಿಂದ ಏಳು ಕೆಜಿ ತೂಗುವ ಇದನ್ನು ಕಾವಲಿಗೆಂದು ತಂದರೆ ಕಳ್ಳನ ಕೈ ನೆಕ್ಕಿ ಒಳಗೆ ಕರೆದುಕೊಳ್ಳುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಆಫೀಸಿಗೆ ಹೋಗುವ ಮನೆ ಇದಕ್ಕೆ ಹೇಳಿಸಿದ್ದಲ್ಲ.

ಹೊಸದಾಗಿ ತರುವವರು ಕೂದಲ ಹೊಳಪಿಗೆ ಮರುಳಾಗಬೇಡಿ. ಮರಿಯ ಮೂಗಿನ ಹೊಳ್ಳೆ ಚೆನ್ನಾಗಿ ತೆರೆದಿದೆಯೇ ನೋಡಿ, ಅದರ ತಾಯಿ ಸುಮ್ಮನೆ ಕೂತಾಗ ಸದ್ದಿಲ್ಲದೆ ಉಸಿರಾಡುತ್ತದೆಯೇ ಕೇಳಿಸಿಕೊಳ್ಳಿ. ಆಮೇಲೆ ದುಡ್ಡಿನ ಮಾತಾಡಿ.