ಕಾಗದದ ಮನೆಯಿಂದ ಕಲ್ಲಿನ ಮನೆಗೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ಮನೆ ಕಟ್ಟಿಸುವ ಯಜಮಾನನ ಪಾಡನ್ನಷ್ಟೇ ನೆನೆದರು. ಆ ಮನೆಯ ನಕ್ಷೆ ಬರೆಯುವುದಕ್ಕೆಂದೇ ಐದು ವರ್ಷ ಓದಿ ಬಂದ ತರುಣ ತರುಣಿಯರ ಪಾಡು ಗಾದೆಯೊಳಗೆ ಸೇರಲಿಲ್ಲ. ಗಾದೆ ಹುಟ್ಟಿದ ಕಾಲಕ್ಕೆ ಅಂಥವರು ನಮ್ಮಲ್ಲಿ ಇರಲೂ ಇಲ್ಲ; ನಕ್ಷೆಗೂ ಮೇಸ್ತ್ರಿ, ಲೆಕ್ಕಕ್ಕೂ ಮೇಸ್ತ್ರಿ, ಮೇಲ್ವಿಚಾರಣೆಗೂ ಮೇಸ್ತ್ರಿ. ಈಗ ವರ್ಷವರ್ಷವೂ ವಾಸ್ತುಶಿಲ್ಪ ವಿದ್ಯಾಲಯಗಳಿಂದ ಪದವೀಧರರು ಹೊರಬರುತ್ತಿದ್ದಾರೆ. ಅವರು ಕಲಿತ ವಿದ್ಯೆಗೂ ಅವರಿಂದ ಜನ ಬಯಸುವ ಕೆಲಸಕ್ಕೂ ನಡುವೆ ಎಷ್ಟು ಅಂತರವಿದೆಯೆಂಬುದು ಅವರೊಬ್ಬರದೇ ಚಿಂತೆಯಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಒಂದು ಸೂರಿಗೆ ಸುರಿಯುವ ಸಂಸಾರಗಳಿಗೂ, ಆರ್ಕಿಟೆಕ್ಟ್ ಆಗಿಯೇ ತೀರುತ್ತೇನೆಂದು ಮಗಳು ಹಟ ಹಿಡಿದಿರುವ ಮನೆಗಳಿಗೂ ಅದು ಹತ್ತಿರದ ವಿಷಯ.

ನಮ್ಮ ದೇಶದಲ್ಲಿ ಆರ್ಕಿಟೆಕ್ಟ್ ಎಂಬ ಹೆಸರಿಗೆ ಶಾಸನದ ರಕ್ಷಣೆ ದೊರೆತದ್ದು 1972ರಲ್ಲಿ. ಆ ಶಾಸನದಂತೆ ಏರ್ಪಟ್ಟ ಆರ್ಕಿಟೆಕ್ಚರ್ ಪರಿಷತ್ತು ಶಿಕ್ಷಣದ ಕನಿಷ್ಠ ಮಟ್ಟವನ್ನು 1983ರಲ್ಲಿ ಗೊತ್ತುಪಡಿಸಿತು. 2020ರಲ್ಲಿ ಹೊಸ ನಿಯಮಾವಳಿ ಬಂದಿತು. ವ್ಯಾಸಂಗ ಐದು ವರ್ಷ, ಎಂದರೆ ಹತ್ತು ಸೆಮಿಸ್ಟರು. ಅದರಲ್ಲಿ ಒಂದು ಸೆಮಿಸ್ಟರನ್ನು ವಿದ್ಯಾರ್ಥಿಯು ವೃತ್ತಿನಿರತರ ಕಚೇರಿಯೊಂದರಲ್ಲಿ ಕಳೆಯಬೇಕು. 1983ರ ನಿಯಮದಲ್ಲಿ ಇದು ಸುಮಾರು 16 ವಾರವೆಂದು ಎಣಿಕೆ. ಮಿಕ್ಕ ಕಾಲವೆಲ್ಲ ನಕ್ಷೆ, ಮಾದರಿ, ಕಟ್ಟಡಗಳ ಚರಿತ್ರೆ, ರಚನಾಶಾಸ್ತ್ರ ಮತ್ತು ಮುಖ್ಯವಾಗಿ ಡಿಸೈನ್ ಸ್ಟುಡಿಯೋ. ಸ್ಟುಡಿಯೋದ ಕೊನೆಗೆ ‘ಜ್ಯೂರಿ’ ಎಂಬ ಅಗ್ನಿಪರೀಕ್ಷೆ ಬೇರೆ. ನಿದ್ದೆಗೆಟ್ಟು ಬರೆದ ಹಾಳೆಗಳನ್ನು ಗೋಡೆಗೆ ಚುಚ್ಚಿ ನಿಂತ ವಿದ್ಯಾರ್ಥಿಯನ್ನು ಅಧ್ಯಾಪಕರೂ ಹೊರಗಿನಿಂದ ಬಂದ ಹಿರಿಯರೂ ಪ್ರಶ್ನೆಗಳಿಂದ ಜಾಲಾಡುತ್ತಾರೆ. ಬೆಳಕು ಎಲ್ಲಿಂದ ಬರುತ್ತದೆ, ಈ ಮೆಟ್ಟಿಲು ಇಲ್ಲೇಕೆ, ನಡೆದು ಬಂದವನ ಕಣ್ಣಿಗೆ ಮೊದಲು ಬೀಳುವುದೇನು? ಇದಕ್ಕೆಷ್ಟು ಖರ್ಚು ತಗಲುತ್ತದೆ ಎಂದು ಕೇಳುವವರು ಅಪರೂಪ.

ಪದವಿ ಕೈಗೆ ಬಂದೊಡನೆ ಪರಿಷತ್ತಿಗೆ ಅರ್ಜಿ ಹಾಕಿ ಶುಲ್ಕ ತೆತ್ತರೆ ನೋಂದಣಿಯಾಗುತ್ತದೆ. ಮತ್ತೊಂದು ಪರೀಕ್ಷೆಯಿಲ್ಲ, ಹಿರಿಯರ ಕೈಕೆಳಗೆ ಇಷ್ಟು ಕಾಲ ದುಡಿದಿರಬೇಕೆಂಬ ಕಟ್ಟಳೆಯೂ ಇಲ್ಲ. ಬೇರೆ ದೇಶಗಳ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬ್ರಿಟನ್ನಿನಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮವೆಂದರೆ ಮೂರು ವರ್ಷ ಓದು, ಒಂದು ವರ್ಷ ಕೆಲಸ, ಮತ್ತೆ ಎರಡು ವರ್ಷ ಓದು, ಮತ್ತೆ ಕೆಲಸ, ಆಮೇಲೆ ಕರಾರು ಕಾನೂನುಗಳನ್ನು ಕುರಿತ ಮೂರನೆಯ ಪರೀಕ್ಷೆ. ಅಮೆರಿಕದಲ್ಲಿ ಪರವಾನೆಯ ಪರೀಕ್ಷೆಗಳ ಜೊತೆಗೆ 3,740 ಗಂಟೆಗಳ ಅನುಭವವನ್ನು ದಾಖಲಿಸುವ ಏರ್ಪಾಡಿದೆ. ವಾರಕ್ಕೆ 40 ಗಂಟೆಯಂತೆ ಹಿಡಿದರೆ ಅದು ಹತ್ತಿರ ಹತ್ತಿರ 94 ವಾರ. ನಮ್ಮ ಹುಡುಗರ 16 ವಾರವೆಲ್ಲಿ, ಈ 94 ವಾರವೆಲ್ಲಿ!

ಇದನ್ನೇ ನೆಪವಾಗಿಸಿ ವಿದ್ಯಾಲಯಗಳನ್ನು ಹಳಿಯುವವರಿದ್ದಾರೆ. ಅಂಥವರು 1847ರ ಲಂಡನ್ನಿನ ಸಂಗತಿಯೊಂದನ್ನು ತಿಳಿದಿರುವುದು ಒಳಿತು. ಆಗ ಆ ನಗರದಲ್ಲಿ ವಾಸ್ತುಶಿಲ್ಪಿಯಾಗಬೇಕಾದವನು ಹಣ ಕೊಟ್ಟು ಕಚೇರಿಯೊಂದರಲ್ಲಿ ಶಿಷ್ಯನಾಗಿ ಸೇರಬೇಕಿತ್ತು. ವರ್ಷಗಟ್ಟಲೆ ನಕಲು ತೆಗೆದದ್ದೇ ಬಂತು, ಯಾರೂ ನಮಗೆ ಕಲಿಸುತ್ತಿಲ್ಲವೆಂದು ಬೇಸತ್ತ ಶಿಷ್ಯರೇ ಒಂದುಗೂಡಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿಕೊಂಡರು. ಅದು ಮುಂದೆ ಪ್ರಖ್ಯಾತ ವಿದ್ಯಾಲಯವಾಯಿತು. ಅಂದು ಕೆಲಸವಿತ್ತು, ಪಾಠವಿರಲಿಲ್ಲ. ಇಂದು ಪಾಠವಿದೆ.

ಕುದೂರಿನ ಒಂದು ನಿವೇಶನ

ಈ ಪುರಾಣವನ್ನು ಬಿಟ್ಟು ನಮ್ಮ ನೆಲಕ್ಕೆ ಬರೋಣ. ಬೆಂಗಳೂರಿನಿಂದ ಕುಣಿಗಲ್ಲಿನತ್ತ ಹೋಗುವ ಹೆದ್ದಾರಿಯಿಂದ ಒಳಸರಿದು, ಭೈರವನದುರ್ಗದ ಬಂಡೆಯನ್ನು ಬೆನ್ನಿಗಿಟ್ಟುಕೊಂಡಿರುವ ಊರು ಮಾಗಡಿ ತಾಲ್ಲೂಕಿನ ಕುದೂರು. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಹಳೆಯ ಮನೆಗಳ ಪಾಯ ಕಲ್ಲು, ಜಗಲಿ ಕಲ್ಲು, ಕಂಬ ಕಲ್ಲು. ತೋಟದ ಬೇಲಿಗೂ ಕಲ್ಲುಕಂಬವೇ. ಬೆಂಗಳೂರಿನ ವಿಧಾನಸೌಧದ ಅಲಂಕರಣಕ್ಕೆ ಬಳಸಿದ ನಸುಗೆಂಪು ಕಲ್ಲು ಮಾಗಡಿಯದು. ಆ ಸೌಧಕ್ಕೆ 1951ರಲ್ಲಿ ಶಂಕುಸ್ಥಾಪನೆಯಾಗಿ, ರಾಮನಗರದ ಕಡೆಯವರೇ ಆದ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ಮೇಲೆದ್ದು, 1956ರಲ್ಲಿ ಮುಗಿಯಿತು. ನಕ್ಷೆಯ ಕೀರ್ತಿ ಬಿ. ಆರ್. ಮಾಣಿಕಂ ಅವರದು, ಅದನ್ನು ಕಲ್ಲಿನಲ್ಲಿ ಮೂಡಿಸಿದ ನೂರಾರು ಕಲ್ಲುಕುಟಿಗರ ಹೆಸರನ್ನು ಕೇಳಿದವರು ವಿರಳ.

ಇಂಥ ಊರಿನಲ್ಲಿ ದೊಡ್ಡಪ್ಪನೊಬ್ಬ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟನೆಂದೂ, ತಮ್ಮನ ಮಗಳು ಆಗತಾನೇ ಆರ್ಕಿಟೆಕ್ಟ್ ಆಗಿ ಬಂದಳೆಂದೂ ವಾಚಕರು ಭಾವಿಸಿಕೊಳ್ಳಲಿ. ಮನೆಮಂದಿಗೆಲ್ಲ ಹೆಮ್ಮೆ. ವಾಸ್ತುಶಿಲ್ಪಿಯೆಂದರೆ ವಾಸ್ತು ನೋಡಿ ಹೇಳುವವಳೆಂದು ತಿಳಿದ ಅಜ್ಜಿ, ಆಯ ಎಷ್ಟಿಡಬೇಕೆಂದು ಮೊದಲು ಕೇಳುತ್ತಾಳೆ. ಐದು ವರ್ಷದಲ್ಲಿ ವಸ್ತುಸಂಗ್ರಹಾಲಯ, ರೈಲುನಿಲ್ದಾಣ, ಆಸ್ಪತ್ರೆಗಳನ್ನೆಲ್ಲ ಕಾಗದದ ಮೇಲೆ ಎಬ್ಬಿಸಿದ ಹುಡುಗಿಗೆ ಈ ಪ್ರಶ್ನೆ ಬಂದದ್ದು ಇದೇ ಮೊದಲು. ನಕ್ಕು ತೇಲಿಸಿದರೆ ಅಜ್ಜಿ ಮುನಿಯುತ್ತಾಳೆ. ಒಪ್ಪಿದರೆ ಅಡಿಗೆಮನೆ ಹೋಗಿ ಮೂಲೆಯಲ್ಲಿ ಕೂರುತ್ತದೆ.

ಅಷ್ಟರಲ್ಲಿ ಮೇಸ್ತ್ರಿ ಬರುತ್ತಾನೆ.

“ಎಷ್ಟ್ ಚದ್ರ ಬತ್ತದೆ ಮೇಡಂ?”

ಚದರವೆಂದರೆ ನೂರು ಚದರಡಿ. ಪೂರ್ತಿ ನಿವೇಶನವೇ ಹನ್ನೆರಡು ಚದರ. ಮೇಸ್ತ್ರಿಯ ಕೂಲಿ ಗುತ್ತಿಗೆಯೆಲ್ಲ ಈ ಲೆಕ್ಕದಲ್ಲಿ ನಡೆಯುತ್ತದೆ. ಸಜ್ಜವನ್ನು ಅದರಲ್ಲಿ ಸೇರಿಸಬೇಕೋ ಬೇಡವೋ, ಮೆಟ್ಟಿಲಿನ ಮೇಲಿನ ಮೋಲ್ಡಿಗೆ ಪೂರ್ತಿ ದರವೋ ಅರ್ಧವೋ, ನೀರಿನ ತೊಟ್ಟಿ ಯಾರ ಲೆಕ್ಕಕ್ಕೆ ಎಂಬುದನ್ನೆಲ್ಲ ಮೊದಲೇ ಬರೆದಿಡದಿದ್ದರೆ ಗೃಹಪ್ರವೇಶದ ಹೊತ್ತಿಗೆ ಜಗಳ ಖಚಿತ. ಈ ಮಾತು ಹುಡುಗಿಯ ಪಠ್ಯದಲ್ಲಿ ಇರಲಿಲ್ಲವೆನ್ನುವಂತಿಲ್ಲ. ಅಂದಾಜು ಮತ್ತು ವಿವರಪಟ್ಟಿ ಎಂಬ ವಿಷಯ ಇತ್ತು. ಪರೀಕ್ಷೆಗೆ ಓದಿ ಬರೆದೂ ಇದ್ದಳು. ಆದರೆ ಅಲ್ಲಿ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿತ್ತು, ಎದುರಿಗೆ ಮೇಸ್ತ್ರಿ ಇರಲಿಲ್ಲ. ಹಾಗೆಯೇ ಹಳ್ಳಿಯ ನಿವೇಶನಕ್ಕೆ ಪಂಚಾಯಿತಿಯ ನಮೂನೆ 9, ನಮೂನೆ 11 ಸರಿಯಾಗಿವೆಯೇ ಎಂದು ನೋಡದೆ ನಕ್ಷೆಗೆ ಕೈಹಾಕಬಾರದೆಂಬುದೂ ಸ್ಟುಡಿಯೋದಲ್ಲಿ ತಿಳಿಯುವಂಥದಲ್ಲ. ಬ್ಯಾಂಕಿನವರು ಸಾಲಕ್ಕೆ ಮೊದಲು ಕೇಳುವುದೇ ಅದನ್ನು.

ನಿಜವಾದ ಪರೀಕ್ಷೆ ಮೋಲ್ಡ್ ಹಾಕಿದ ಮೇಲೆ. ಭಾರತೀಯ ಮಾನಕ 456ರಂತೆ, ಸಾಮಾನ್ಯ ಸಿಮೆಂಟಿನ ಚಾವಣಿ ನಾಲ್ಕೂವರೆ ಮೀಟರಿನೊಳಗಿನ ಹರವಿನದಾದರೆ ಕೆಳಗಿನ ಆಸರೆಯನ್ನು ಏಳು ದಿನ ಕದಲಿಸಕೂಡದು; ಅದಕ್ಕಿಂತ ಹೆಚ್ಚಿನದಾದರೆ ಹದಿನಾಲ್ಕು ದಿನ. ಆರು ಮೀಟರಿಗಿಂತ ಉದ್ದದ ತೊಲೆಗಳಿಗೆ ಇಪ್ಪತ್ತೊಂದು ದಿನ. ಇದು ಹುಡುಗಿಗೆ ಕಂಠಪಾಠ. ಐದನೆಯ ದಿನ ಮೇಸ್ತ್ರಿ ಬಂದು ನಿಲ್ಲುತ್ತಾನೆ.

“ಸೀಟಿನ ಬಾಡ್ಗೆ ದಿನಾ ಓಡ್ತಾ ಅದೆ ಮೇಡಂ. ಇಂಥಾ ಮೋಲ್ಡು ಎಷ್ಟೋ ಹಾಕಿವ್ನಿ. ಏನೂ ಆಗಾಕಿಲ್ಲ ಬುಡಿ.”

ದೊಡ್ಡಪ್ಪನೂ ಮೇಸ್ತ್ರಿಯ ಪರವೇ. “ಅವ್ನು ಇಪ್ಪತ್ತು ವರ್ಷದಿಂದ ಕಟ್ತಾ ಅವ್ನೆ ಕಣವ್ವಾ.”

ಈಗ ಬೇಕಾದದ್ದು ಗ್ರಂಥದ ಜ್ಞಾನವಲ್ಲ. ಅದು ಇದ್ದೇ ಇದೆ. ಬಾಡಿಗೆಯ ಲೆಕ್ಕವನ್ನು ಮೊದಲೇ ಕರಾರಿನಲ್ಲಿ ಸೇರಿಸಿಡುವ ಮುಂಧೋರಣೆ ಬೇಕು, ಇಲ್ಲವೆನ್ನುವ ಎದೆಗಾರಿಕೆ ಬೇಕು, ಇಲ್ಲವೆಂದ ಮೇಲೂ ಮಾರನೆಯ ದಿನ ಮೇಸ್ತ್ರಿ ನಗುನಗುತ್ತ ಕೆಲಸಕ್ಕೆ ಬರುವಂತೆ ನಡೆದುಕೊಳ್ಳುವ ಜಾಣ್ಮೆ ಬೇಕು. ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿಗೆ, ಅದರಲ್ಲೂ ಹೆಣ್ಣುಮಗಳ ಮಾತಿಗೆ ಕಟ್ಟಡದ ಅಂಗಳದಲ್ಲಿ ಸುಲಭವಾಗಿ ಬೆಲೆ ಬರದ ನಮ್ಮ ಸಮಾಜದಲ್ಲಿ, ಇದು ಸಾಮಾನ್ಯವಾದ ಕೆಲಸವೇ?

ದೋಷ ಯಾರದು?

ಹಾಗಾದರೆ ವಿದ್ಯಾಲಯದಲ್ಲಿ ಡಿಸೈನನ್ನು ಕಡಿಮೆಮಾಡಿ ದರಪಟ್ಟಿ, ಕರಾರು, ನಮೂನೆಗಳನ್ನೇ ತುಂಬಿಬಿಡೋಣವೆಂದು ಕೆಲವರ ವಾದ. ಈ ಲೇಖಕನಿಗೆ ಅದು ಒಪ್ಪಿಗೆಯಿಲ್ಲ. ದರ ವರ್ಷಕ್ಕೊಮ್ಮೆ ಬದಲಾಗುತ್ತದೆ, ನಮೂನೆ ಸರ್ಕಾರಕ್ಕೊಮ್ಮೆ. ನೋಡುವ ಕಣ್ಣನ್ನು ಕೊಡುವುದು ವಿದ್ಯಾಲಯದಿಂದ ಮಾತ್ರ ಆಗುವ ಕೆಲಸ. ಪಡುವಣ ಗೋಡೆ ಸಂಜೆಯವರೆಗೆ ಕಾದು ರಾತ್ರಿಯೆಲ್ಲ ಕೋಣೆಯೊಳಕ್ಕೆ ಸೆಕೆ ಕಾರುತ್ತದೆಂಬುದನ್ನು, ಎದುರುಬದುರು ಕಿಟಕಿಯಿಲ್ಲದ ಕೋಣೆಯಲ್ಲಿ ಗಾಳಿ ಆಡದೆಂಬುದನ್ನು, ಮಂಡಿನೋವಿನ ಅಜ್ಜಿಗೆ ಏಳೂವರೆ ಅಂಗುಲದ ಮೆಟ್ಟಿಲು ದಿನದಿನವೂ ಶಿಕ್ಷೆಯೆಂಬುದನ್ನು ನಮ್ಮ ಮೇಸ್ತ್ರಿ ಎಣಿಸುವುದು ಕಡಮೆ. ಪಕ್ಕದ ಮನೆಯ ನಕ್ಷೆಯನ್ನೇ ತಿರುಗಿಸಿ ಹಾಕುವುದು ಅವನ ರೂಢಿ. ಆ ಹುಡುಗಿ ಇದನ್ನು ಕಾಣಬಲ್ಲಳು. ಐದು ವರ್ಷ ವ್ಯರ್ಥವಾಗಿಲ್ಲ.

ಕೊರತೆ ಇರುವುದು ಅದರ ಮುಂದಿನ ಅಧ್ಯಾಯದಲ್ಲಿ. ಲಾರಿ ಬೇಕರ್ ಅವರ ನಿದರ್ಶನ ಪ್ರಸಿದ್ಧವಾದದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದಿ 1945ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದ ಆತ ಹಿಮಾಲಯದ ಪಿಥೋರಾಗಢದಲ್ಲಿ ವರ್ಷಗಟ್ಟಲೆ ನೆಲೆಸಿದರು. ಕಲ್ಲು, ಮಣ್ಣು, ಸಗಣಿಗಳಿಂದ ಮನೆ ಕಟ್ಟುವ ಅಲ್ಲಿನವರ ಮುಂದೆ ತಮ್ಮ ಪಠ್ಯಪುಸ್ತಕ ಸಾಲದೆಂದು ಕಂಡು, ಬೆಟ್ಟದ ಜನರನ್ನೇ ಗುರುಗಳಾಗಿ ಸ್ವೀಕರಿಸಿದರು. ಮುಂದೆ ತಿರುವನಂತಪುರದಲ್ಲಿ ಕಡಿಮೆ ವೆಚ್ಚದ ಇಟ್ಟಿಗೆ ಮನೆಗಳಿಂದ ಅವರು ಗಳಿಸಿದ ಹೆಸರಿಗೆ ಈ ಎರಡನೆಯ ವಿದ್ಯಾಭ್ಯಾಸವೇ ತಳಹದಿ. ಬಾಲಕೃಷ್ಣ ದೋಶಿಯವರೂ ಮುಂಬಯಿಯ ಜೆ. ಜೆ. ಶಾಲೆಯಲ್ಲಿ ಓದಿದ ಮೇಲೆ 1951ರಿಂದ ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯೇ ಅವರ ಕೈಕೆಳಗೆ ಪಳಗಿದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿಗೆ ಹೋದವರು ಒರಟು ಬೆಣಚುಕಲ್ಲಿನ ಆ ಗೋಡೆಗಳನ್ನೂ ಬಳ್ಳಿಯ ನೆರಳಿನ ಓಣಿಗಳನ್ನೂ ನೋಡಿಯೇ ಇರುತ್ತಾರೆ. ಅದು ಅವರ ಕೃತಿ.

ಇಂಥ ಎರಡನೆಯ ಗುರುಕುಲ ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. ಬಹುಮಂದಿ ನಗರದ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಇನ್ನೊಬ್ಬರ ಕಟ್ಟಡಕ್ಕೆ ಬಣ್ಣದ ಚಿತ್ರ ತೆಗೆಯುತ್ತಲೋ ಸ್ನಾನದ ಮನೆಯ ಹೆಂಚಿನ ವಿನ್ಯಾಸ ಬರೆಯುತ್ತಲೋ ಮೊದಲ ವರ್ಷಗಳನ್ನು ನೂಕುತ್ತಾರೆ. ತರಬೇತಿಯ ಸೆಮಿಸ್ಟರೂ ಅನೇಕರಿಗೆ ಹಾಗೆಯೇ ಕಳೆಯುತ್ತದೆ. ನೋಂದಣಿಗೆ ಮುನ್ನ ಒಂದೆರಡು ವರ್ಷ ಸಂಬಳ ಸಹಿತ ಅನುಭವವನ್ನು ಕಡ್ಡಾಯ ಮಾಡಿ, ಅದರಲ್ಲಿ ಒಂದು ಮನೆಯನ್ನಾದರೂ ಪಾಯದಿಂದ ಗಿಲಾವಿನವರೆಗೆ ನಿಂತು ನೋಡಿರಬೇಕೆಂದು ವಿಧಿಸಿದರೆ ತಪ್ಪೇನು? ಸಂಬಳ ಸಹಿತವೆಂಬ ಮಾತು ಮುಖ್ಯ. ಇಲ್ಲವಾದರೆ 1847ರ ಲಂಡನ್ನಿಗೇ ಮರಳಿದಂತೆ. ಬಿಡದಿಯ ಬಳಿ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕು ನಡೆಸುವ ಕುಶಲಕರ್ಮಿಗಳ ಶಾಲೆಯಲ್ಲಿ ಗ್ರಾಮೀಣ ಯುವಕರು ಉಳಿ ಹಿಡಿದು ಕಲ್ಲು ಮರಗಳ ಕೆತ್ತನೆ ಕಲಿಯುತ್ತಾರೆ. ಹದಿನಾರು ವಾರಗಳಲ್ಲಿ ಎರಡನ್ನು ಭಾವೀ ಆರ್ಕಿಟೆಕ್ಟರು ಅಂಥ ಕಡೆ ಕಳೆದರೆ, ಯಾವ ಕಲ್ಲು ಯಾವ ಏಟಿಗೆ ಹೇಗೆ ಸೀಳುತ್ತದೆಂಬುದಾದರೂ ಕೈಗೆ ತಿಳಿದೀತು.

ಇನ್ನೊಂದು ಸಂಗತಿ. 2020ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 1972ರ ಶಾಸನವನ್ನು ವ್ಯಾಖ್ಯಾನಿಸುತ್ತ, ಅದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಕಾಯುತ್ತದೆಯೇ ಹೊರತು ಕಟ್ಟಡಗಳ ನಕ್ಷೆ ಮಾಡುವ ಕೆಲಸವನ್ನು ನೋಂದಾಯಿತರಿಗೆ ಮಾತ್ರ ಮೀಸಲಿಡುವುದಿಲ್ಲವೆಂದು ತೀರ್ಪಿತ್ತಿತು. ಎಂದಮೇಲೆ ಕುದೂರಿನ ದೊಡ್ಡಪ್ಪ ತಮ್ಮನ ಮಗಳನ್ನು ಕೇಳಲೇಬೇಕೆಂಬ ಬಲವಂತವೇನೂ ಇಲ್ಲ. ಕೇಳಿದರೆ ಅವಳ ಕೆಲಸ ನೋಡಿ ಕೇಳಬೇಕು.

ಕೇಳುವ ಸಂಸಾರಗಳಿಗೆ ತಿಳಿದಿರಬೇಕಾದ ಮಾತೊಂದಿದೆ. ಆರ್ಕಿಟೆಕ್ಟ್ ಕಟ್ಟಡಕ್ಕೆ ಆಗಾಗ್ಗೆ ಭೇಟಿ ಕೊಡುವವರೇ ಹೊರತು ದಿನವಿಡೀ ನಿಂತು ಕಾಯುವವರಲ್ಲವೆಂಬುದು ಪರಿಷತ್ತೇ ಪ್ರಕಟಿಸಿರುವ ನಿಬಂಧನೆ. ಆದ್ದರಿಂದ ಆ ಭೇಟಿಗಳು ಯಾವಾಗ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪಾಯದ ಗುಂಡಿ ಮುಚ್ಚುವ ಮುನ್ನ ಒಮ್ಮೆ. ಕಿಟಕಿ ಬಾಗಿಲು ನಿಲ್ಲಿಸಿದಾಗ ಒಮ್ಮೆ. ಮೋಲ್ಡಿಗೆ ಕಬ್ಬಿಣ ಕಟ್ಟಿ ಕಾಂಕ್ರೀಟು ಸುರಿಯುವ ಹಿಂದಿನ ದಿನ ತಪ್ಪದೆ, ಆಸರೆ ಬಿಚ್ಚುವ ದಿನವೂ ತಪ್ಪದೆ. ಸ್ನಾನದ ಮನೆಯ ಕೊಳವೆಗಳ ಮೇಲೆ ನೆಲ ಹಾಸುವ ಮುನ್ನ ನೀರು ನಿಲ್ಲಿಸಿ ಸೋರಿಕೆ ನೋಡುವಾಗ ಮತ್ತೊಮ್ಮೆ. ಹೊಸಬರಾದರೆ ಇನ್ನೂ ಹೆಚ್ಚು ಸಲ ಬರಲಿ. ಬಂದುಹೋಗುವ ಬಸ್ಸಿನ ಖರ್ಚನ್ನು ಮನೆಯ ಲೆಕ್ಕದಲ್ಲೇ ಸೇರಿಸಿಕೊಳ್ಳಬಹುದು.