ಹಿಮದ ಟೈರು, ಬಿಸಿಲ ರಸ್ತೆ

ಮಡಕಶಿರಾದಿಂದ ಹೊರಟು ಪೆನುಕೊಂಡದ ಹತ್ತಿರ ರಾಷ್ಟ್ರೀಯ ಹೆದ್ದಾರಿ 44 ಸೇರಿದರೆ ಬಲಕ್ಕೆ ಬೆಂಗಳೂರು, ಎಡಕ್ಕೆ ಹೈದರಾಬಾದು. ಎಡಕ್ಕೆ ತಿರುಗಿ ಅದೇ ಹೆದ್ದಾರಿ ಹಿಡಿದು ಹೋಗುತ್ತಲೇ ಇದ್ದರೆ ನಾಗಪುರ, ಆಗ್ರಾ, ದೆಹಲಿ, ಜಮ್ಮು ದಾಟಿ ಶ್ರೀನಗರ. ಬೇಸಿಗೆಯಲ್ಲಿ 42 ಡಿಗ್ರಿ ಕಾಯುವ ನಮ್ಮ ನೆಲವನ್ನೂ ಚಳಿಗಾಲದಲ್ಲಿ ಹಿಮ ಬೀಳುವ ಆ ಕಣಿವೆಯನ್ನೂ ಒಂದೇ ರಸ್ತೆ ಕೂಡಿಸಿದೆ.

ಆ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಕಾಶ್ಮೀರಕ್ಕೋ ಲೇಹ್‌ಗೋ ಹೋಗುವ ಹುಡುಗರು ಈಗ ನಮ್ಮ ಕಡೆಯೂ ಇದ್ದಾರೆ. ಓದಿಗೋ ಕೆಲಸಕ್ಕೋ ಕೆನಡಾ, ಜರ್ಮನಿ ಸೇರಿದ ಮಕ್ಕಳು ಅಲ್ಲಿಂದ ಫೋನಿನಲ್ಲಿ, ‘ಚಳಿಗಾಲಕ್ಕೆ ಬೇರೆ ಟೈರು ಹಾಕಿಸಿದೆ’ ಎನ್ನುತ್ತಾರೆ. ಕೇಳಿದವರಿಗೆ ಅಚ್ಚರಿ: ಟೈರಿಗೂ ಋತುಮಾನವೇ? ಹೌದು. ಅದು ಏಕೆ ಎಂದು ತಿಳಿದರೆ ರಾಯದುರ್ಗದ ಬಿಸಿಲಲ್ಲಿ ನಮ್ಮ ಟೈರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೂ ತಿಳಿಯುತ್ತದೆ.

ಅಂಗೈಯಷ್ಟು ಜಾಗ

ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಟೈರು ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ನಾಲ್ಕು ಅಂಗೈಗಳ ಮೇಲೆ ಒಂದು ಟನ್ನಿಗೂ ಹೆಚ್ಚಿನ ತೂಕ ಓಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಬ್ರೇಕು ಚಕ್ರವನ್ನು ಮಾತ್ರ ನಿಲ್ಲಿಸಬಲ್ಲದು. ಕಾರನ್ನು ನಿಲ್ಲಿಸುವುದು ಆ ನಾಲ್ಕು ಅಂಗೈಗಳು.

ರಬ್ಬರು ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ. ಡಾಂಬರಿನ ಮೇಲೆ ಎದ್ದಿರುವ ಸಣ್ಣ ಜಲ್ಲಿಗಳ ಸಂದಿಗೆ ರಬ್ಬರು ತಗ್ಗಿ ಇಳಿಯುತ್ತದೆ, ಮತ್ತೆ ಮೇಲೇಳುತ್ತದೆ. ಜೊತೆಗೆ ಮೇಲ್ಮೈಗೆ ತುಸು ಅಂಟಿಕೊಳ್ಳುತ್ತದೆ. ಎರಡಕ್ಕೂ ರಬ್ಬರು ಮೆತ್ತಗಿರಬೇಕು. ಗಟ್ಟಿಯಾದರೆ ಸಂದಿಗೆ ಇಳಿಯದು, ಮೇಲೆಯೇ ಜಾರುತ್ತದೆ. ತೀರಾ ಮೆತ್ತಗಾದರೆ ಎಳೆತಕ್ಕೆ ನಿಲ್ಲದೆ ಅಲುಗುತ್ತದೆ, ಬೇಗ ಸವೆಯುತ್ತದೆ.

ಎರಡು ಎಣ್ಣೆಗಳ ಹಾಗೆ

ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಹೆಪ್ಪುಗಟ್ಟುತ್ತದೆ. ಪಕ್ಕದಲ್ಲೇ ಇರುವ ಸೂರ್ಯಕಾಂತಿ ಎಣ್ಣೆ ನೀರಿನಂತೆಯೇ ಇರುತ್ತದೆ. ಎರಡಕ್ಕೂ ಒಂದೇ ಚಳಿ, ಆದರೆ ಗಟ್ಟಿಯಾಗುವ ಉಷ್ಣತೆ ಬೇರೆ. ರಬ್ಬರು ಎಣ್ಣೆಯ ಹಾಗೆ ಹೆಪ್ಪುಗಟ್ಟದಿದ್ದರೂ, ಚಳಿ ಹೆಚ್ಚಿದಂತೆ ಬಿರುಸಾಗುವ ಗುಣ ಅದಕ್ಕೂ ಇದೆ. ಎಷ್ಟು ಚಳಿಗೆ ಎಷ್ಟು ಬಿರುಸಾಗಬೇಕು ಎಂಬುದನ್ನು ಟೈರು ತಯಾರಿಸುವವರು ಮಿಶ್ರಣದಲ್ಲೇ ನಿರ್ಧರಿಸುತ್ತಾರೆ.

ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ಮಿಶ್ರಣದಲ್ಲಿ ಸಿಲಿಕಾ ಹೆಚ್ಚು. ಸೊನ್ನೆಗಿಂತ ಕೆಳಗೂ ಅದು ಮೆತ್ತಗೆ ಉಳಿಯುತ್ತದೆ. ಹಾಗಾಗಿ ಹಿಮ ಬೀಳದ ಒಣ ರಸ್ತೆಯಲ್ಲಿ ಸಹ, ಕೊರೆವ ಚಳಿಯಿದ್ದರೆ ಚಳಿಗಾಲದ ಟೈರೇ ಮೇಲು. ಜರ್ಮನಿಯವರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಅದನ್ನು ಹಾಕಿಕೊಳ್ಳುವುದು ಈ ಕಾರಣಕ್ಕೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನಿನಂತೆ ಕಡ್ಡಾಯ. ಇಂಥ ಟೈರನ್ನು ಮೊದಲು ಮಾಡಿದವರು ಫಿನ್ಲೆಂಡಿನವರು. ಇಂದು ನೋಕಿಯನ್ ಎಂಬ ಹೆಸರಿನಲ್ಲಿರುವ ಕಂಪನಿ 1934ರಲ್ಲಿ ಲಾರಿಗಳಿಗಾಗಿ ಅದನ್ನು ಹೊರತಂದಿತು.

ಹಿಮ ಬೇರೆ, ಮಂಜುಗಡ್ಡೆ ಬೇರೆ

ಹೊಸದಾಗಿ ಬಿದ್ದ ಹಿಮ ಹಿಟ್ಟಿನಂತೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗುತ್ತದೆ. ಚಳಿಗಾಲದ ಟೈರಿನ ನೆಲ ಮುಟ್ಟುವ ಪದರದ, ಅಂದರೆ ಟ್ರೆಡ್ಡಿನ, ಅಗಲವಾದ ಕಾಲುವೆಗಳು ಹಿಮವನ್ನು ತಮ್ಮೊಳಗೆ ತುಂಬಿಕೊಂಡು ಒತ್ತುತ್ತವೆ. ಹಿಮ ಹಿಮಕ್ಕೆ ಚೆನ್ನಾಗಿ ಅಂಟುವುದರಿಂದ, ಟೈರಿನಲ್ಲಿ ತುಂಬಿದ ಹಿಮವೇ ನೆಲದ ಹಿಮವನ್ನು ಹಿಡಿಯುತ್ತದೆ. ಇದರ ಜೊತೆಗೆ ಒಂದೊಂದು ರಬ್ಬರು ಬಿಲ್ಲೆಯ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಬ್ರೇಕು ಒತ್ತಿದಾಗ ಅವು ತುಸು ಬಾಯಿ ಬಿಟ್ಟು ನೂರಾರು ಅಂಚುಗಳಾಗಿ ಕಚ್ಚುತ್ತವೆ.

ಮಂಜುಗಡ್ಡೆಯಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು. ಅಲ್ಲಿ ಒತ್ತಿ ತುಂಬಲು ಏನೂ ಇಲ್ಲ. ಮೇಲೆ ತೆಳು ನೀರಿನ ಪೊರೆಯಿರುತ್ತದೆ, ನೀರು ಚೆಲ್ಲಿದ ಗ್ರಾನೈಟು ನೆಲದಂತೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಅದು ಅತಿ ಜಾರು. ಚಳಿ ಇನ್ನೂ ಇಳಿದು ಮೈನಸ್ 20 ಆದರೆ ಪೊರೆ ತೆಳ್ಳಗಾಗಿ ಹಿಡಿತ ಹೆಚ್ಚುತ್ತದೆ. ಸಣ್ಣ ಸೀಳುಗಳು ಆ ನೀರನ್ನು ಹೀರಿಕೊಂಡು ರಬ್ಬರಿಗೆ ಜಾಗ ಮಾಡಿಕೊಡುತ್ತವೆ. ಅಷ್ಟು ಸಾಲದ ದೇಶಗಳಲ್ಲಿ ಲೋಹದ ಮೊಳೆ ಕೂರಿಸಿದ ಟೈರು ಬಳಸುತ್ತಾರೆ.

ಲೆಕ್ಕ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕು ಒತ್ತಿದ ಕಾರು ಒಣ ಡಾಂಬರಿನಲ್ಲಿ 12 ಮೀಟರಿನ ಆಸುಪಾಸಿನಲ್ಲಿ ನಿಲ್ಲಬಲ್ಲದು. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಅದಕ್ಕೆ 30 ಮೀಟರಿಗೂ ಹೆಚ್ಚು ಬೇಕು. ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್. ಹಿಮದಲ್ಲಿ ಬೇಸಿಗೆ ಟೈರಿದ್ದರೆ ಚಳಿಗಾಲದ ಟೈರಿಗಿಂತ ಹೆಚ್ಚುಕಡಿಮೆ ಇಮ್ಮಡಿ ದೂರ ಹೋಗಿ ನಿಲ್ಲುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಜೀಪಿದ್ದರೆ ಚಿಂತೆಯಿಲ್ಲ ಎಂದು ತಿಳಿದವರಿದ್ದಾರೆ. ಅದು ಮುಂದೆ ಹೋಗಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇದೆ.

ಅದನ್ನು ಇಲ್ಲಿಗೆ ತಂದರೆ?

ಅಷ್ಟು ಒಳ್ಳೆಯ ಟೈರಾದರೆ ನಾವೂ ಹಾಕಿಸಬಾರದೇಕೆ ಎನಿಸಬಹುದು. ಬೇಡ. ರಾಯದುರ್ಗದಲ್ಲಿ ಮಾಗಿಯ ಬೆಳಗಿನಲ್ಲೂ 7 ಡಿಗ್ರಿ ಚಳಿ ಬೀಳುವುದಿಲ್ಲ. ಏಪ್ರಿಲ್, ಮೇ ಮಧ್ಯಾಹ್ನ ಡಾಂಬರು 60 ಡಿಗ್ರಿ ದಾಟುತ್ತದೆ. ಅಲ್ಲಿ ಚಳಿಗಾಲದ ಟೈರಿನ ಮೆತ್ತನೆ ರಬ್ಬರು, ಸೀಳಿದ ಬಿಲ್ಲೆಗಳು ಎಳೆತಕ್ಕೆ ಓಲಾಡುತ್ತವೆ. ತಿರುವಿನಲ್ಲಿ ಸ್ಟಿಯರಿಂಗು ತಡವಾಗಿ ಕೇಳುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ, ಟೈರು ಬೇಗ ಬೋಳಾಗುತ್ತದೆ.

ಕೆಲವು ಟೈರುಗಳ ಪಕ್ಕದಲ್ಲಿ ‘ಎಂ+ಎಸ್’ ಎಂದಿರುತ್ತದೆ. ಕೆಸರು ಮತ್ತು ಹಿಮ ಎಂದು ಅದರ ಅರ್ಥ. ಅದು ತಯಾರಕರು ತಾವೇ ಹೇಳಿಕೊಳ್ಳುವ ಮಾತು. ಹಿಮದ ಪರೀಕ್ಷೆ ಆಗಿರಲೇಬೇಕೆಂದಿಲ್ಲ. ಪರೀಕ್ಷೆಯಲ್ಲಿ ಗೆದ್ದ ಟೈರಿಗೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಬೀಳುತ್ತದೆ. ಕೆನಡಾ, ಯುರೋಪಿಗೆ ಹೊರಟವರು ಹುಡುಕಬೇಕಾದ್ದು ಈ ಗುರುತನ್ನು. ಇಲ್ಲಿ ಇರುವವರಿಗೆ ಎರಡೂ ಬೇಕಿಲ್ಲ.

ನಮ್ಮ ರಸ್ತೆಯ ಜಾರು

ಹಿಮ ಇಲ್ಲದಿದ್ದರೂ ಜಾರು ನಮಗೂ ಇದೆ. ಅದು ಮೂರು ರೂಪದಲ್ಲಿ ಬರುತ್ತದೆ.

ಮೊದಲನೆಯದು ಒಕ್ಕಣೆ. ಕೊಯ್ಲಿನ ಕಾಲದಲ್ಲಿ ಆಂಧ್ರ–ಕರ್ನಾಟಕ ಗಡಿಯ ಈಚೆಗೂ ಆಚೆಗೂ ಹುರುಳಿ, ರಾಗಿ, ತೊಗರಿಯನ್ನು ಡಾಂಬರಿನ ಮೇಲೇ ಹರಡುತ್ತಾರೆ. ಕಣ ಮಾಡುವ ಕೂಲಿ, ಜಾಗ ಎರಡೂ ಉಳಿಯುತ್ತವೆ ಎಂಬ ರೈತರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಹುರುಳಿ ಕಾಳು ಟೈರಿನ ಕೆಳಗೆ ಗುಂಡಿನಂತೆ ಉರುಳುತ್ತದೆ, ಹುಲ್ಲು ರಬ್ಬರನ್ನು ಡಾಂಬರು ಮುಟ್ಟಗೊಡುವುದಿಲ್ಲ. ಇದಕ್ಕೆ ಯಾವ ಟೈರೂ ಪರಿಹಾರವಲ್ಲ. ಅದರ ಮೇಲೆ ಬ್ರೇಕು ಒತ್ತದೆ, ಸ್ಟಿಯರಿಂಗು ನೇರ ಇಟ್ಟು, ಮುಂಚೆಯೇ ವೇಗ ಇಳಿಸಿ ದಾಟಬೇಕು. ಹುಲ್ಲು ಅಡಿಯಲ್ಲಿ ಸುತ್ತಿಕೊಂಡರೆ ಸೈಲೆನ್ಸರಿನ ಬಿಸಿಗೆ ಬೆಂಕಿ ಹೊತ್ತಬಹುದು. ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ.

ಎರಡನೆಯದು ಮರಳು. ರಾಯದುರ್ಗ ಸೀಮೆಯ ಕಣೇಕಲ್ಲು, ಬೊಮ್ಮನಹಾಳದ ಕಡೆ ವೇದಾವತಿ ಅಂದರೆ ಹಗರಿಯ ದಂಡೆಯಲ್ಲಿ ಮರಳ ದಿಬ್ಬಗಳೇ ಇವೆ. ಆಷಾಢದ ಗಾಳಿಗೆ ಆ ಮರಳು ಹೊಲಕ್ಕೂ ರಸ್ತೆಗೂ ಹರಿಯುತ್ತದೆ. ಹಿಮ ಹಿಮಕ್ಕೆ ಅಂಟುತ್ತದೆ, ಒಣ ಮರಳು ಮರಳಿಗೆ ಅಂಟುವುದಿಲ್ಲ. ಆದ್ದರಿಂದ ಹಿಮದ ಟೈರಿನ ಉಪಾಯ ಇಲ್ಲಿ ನಡೆಯದು. ಡಾಂಬರಿನ ಮೇಲೆ ತೆಳುವಾಗಿ ಹರಡಿದ ಮರಳು ತಿರುವಿನಲ್ಲಿ ಬಲು ಅಪಾಯ. ಬೈಕು ಮಗುಚುವುದು ಅಲ್ಲೇ.

ಮೂರನೆಯದು ಮೊದಲ ಮಳೆ. ತಿಂಗಳುಗಟ್ಟಲೆ ಬಿದ್ದ ದೂಳು, ಡೀಸೆಲು, ಆಯಿಲು, ಸವೆದ ರಬ್ಬರಿನ ಪುಡಿ ಎಲ್ಲ ನಾಲ್ಕು ಹನಿ ನೀರಿಗೆ ಕಲಸಿಕೊಂಡು ಲೇಪವಾಗುತ್ತದೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ತುಂತುರು ಬಿದ್ದ ಮೊದಲ ಹತ್ತು ಹದಿನೈದು ನಿಮಿಷವೇ ಕೆಟ್ಟದ್ದು. ಮಳೆ ಅಪರೂಪವಾದ ಅನಂತಪುರ ಸೀಮೆಯಲ್ಲಿ ಆ ಲೇಪ ದಪ್ಪವಾಗಿಯೇ ಕಾಯುತ್ತಿರುತ್ತದೆ.

ಬೆಳಗಿನ ಗಾಳಿ

ನಮ್ಮ ಟೈರಿನ ನಿಜವಾದ ಶತ್ರು ಕಾವು. ಪಂಚರು ಅಂಗಡಿಯ ಮುಂದೆ ಬಿದ್ದಿರುವ ಸಿಡಿದ ಟೈರೊಂದನ್ನು ಬಗ್ಗಿ ನೋಡಿ. ಮೇಲೆ ಟ್ರೆಡ್ಡು, ಅದರಡಿ ಹೆಣೆದ ಉಕ್ಕಿನ ತಂತಿಯ ಪಟ್ಟಿ, ಕೆಳಗೆ ನೂಲಿನ ಪದರ, ಅಂಚಿನಲ್ಲಿ ದಪ್ಪ ತಂತಿಯ ಬಳೆ. ಹೆಚ್ಚಿನವುಗಳಲ್ಲಿ ಉಕ್ಕಿನ ಪಟ್ಟಿಯೂ ರಬ್ಬರೂ ಬೇರೆಯಾಗಿ ಸಿಪ್ಪೆಯಂತೆ ಎದ್ದಿರುತ್ತದೆ.

ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವಾಗ ಬೆರಳಿಗೆ ಬಿಸಿ ತಾಗುತ್ತದಲ್ಲ, ಟೈರಿನೊಳಗೂ ಆಗುವುದು ಅದೇ. ನೂರರ ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ನಿಮಿಷಕ್ಕೆ ಸುಮಾರು 850 ಸಲ ಸುತ್ತುತ್ತದೆ. ಪ್ರತಿ ಸುತ್ತಿಗೂ ಪಕ್ಕದ ಗೋಡೆ ಬಗ್ಗಿ ನೆಟ್ಟಗಾಗುತ್ತದೆ. ಗಾಳಿ ಕಡಿಮೆ ಇದ್ದರೆ ಬಗ್ಗುವುದು ಹೆಚ್ಚು, ಕಾವೂ ಹೆಚ್ಚು. ಕೆಳಗೆ 60 ಡಿಗ್ರಿಯ ಡಾಂಬರು, ಮೇಲೆ ಮದುವೆಗೆ ಹೊರಟ ಏಳೆಂಟು ಜನ. ಪದರಗಳು ಬಿಟ್ಟುಕೊಳ್ಳುತ್ತವೆ, ಟೈರು ಸಿಡಿಯುತ್ತದೆ. ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಸಿಡಿಯಿತು ಎಂದು ಜನ ಹೇಳುತ್ತಾರೆ. ಹೆಚ್ಚಿನ ಸಲ ಕಾರಣ ತದ್ವಿರುದ್ಧ: ಗಾಳಿ ಕಡಿಮೆ ಇದ್ದದ್ದು.

ರಾಯದುರ್ಗದ ಪಂಚರು ಅಂಗಡಿಯೊಂದರಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಗಾಳಿ ಕೇಳಿದ್ದೆ. ಆತ ಟೈರಿನ ಮೇಲೆ ಅಂಗೈ ಇಟ್ಟು ನೋಡಿ, “ಬಿಸಿ ಟೈರಿಗೆ ಲೆಕ್ಕ ಸಿಗಂಗಿಲ್ಲ ಸಾರ್, ಬೆಳಿಗ್ಗೆ ಬರ್ರಿ” ಎಂದ. ಆ ಮಾತಿನಲ್ಲಿ ವಿಜ್ಞಾನವೇ ಇದೆ. ಹತ್ತು ಡಿಗ್ರಿ ಕಾವು ಏರಿದರೆ ಗಾಳಿಯ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಟೈರಿನೊಳಗಿನ ಗಾಳಿ 50 ಡಿಗ್ರಿ ಇರುವಾಗ 32ಕ್ಕೆ ನಿಲ್ಲಿಸಿದರೆ, ಮರುದಿನ 20 ಡಿಗ್ರಿಯ ಬೆಳಗಿನಲ್ಲಿ ಅದು 28ಕ್ಕೆ ಇಳಿದಿರುತ್ತದೆ. ಅದರ ಮೇಲೆಯೇ ನೀವು ಹೆದ್ದಾರಿ ಹತ್ತುತ್ತೀರಿ. ಆದ್ದರಿಂದ ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಕಾರು ಓಡುವ ಮುಂಚೆ. ಎಷ್ಟಿರಬೇಕು ಎಂಬುದು ಡ್ರೈವರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕಾರಿನ ಕೈಪಿಡಿಯಲ್ಲೋ ಇರುತ್ತದೆ. ತುಂಬಿದ ಕಾರಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ದಾರಿಯಲ್ಲಿ ಬಿಸಿಯಾದ ಟೈರು ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ.

ನೈಟ್ರೋಜನ್ ತುಂಬಿಸಿದರೆ ಟೈರು ಕಾಯುವುದಿಲ್ಲ ಎಂಬ ನಂಬಿಕೆಯೂ ಇದೆ. ಸಾಮಾನ್ಯ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ನು. ಸೋರಿಕೆ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೆ. ತಿಂಗಳಿಗೆ ಎರಡು ಸಲ ಗಾಳಿ ನೋಡುವ ಅಭ್ಯಾಸ ಅದಕ್ಕಿಂತ ಮೇಲು.

ಟೈರು ಹೇಳುವ ಮಾತು

ಟೈರಿನ ಪಕ್ಕದ ಬರಹ ಓದಲು ಕಲಿತರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ‘ಡಿಓಟಿ’ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿನಲ್ಲಿ ಓಡದೆ ನಿಂತ ಟೈರೂ ಮುದಿಯಾಗುತ್ತದೆ. ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದೇ ಸೂಚನೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಸ್ಟೆಪ್ನಿಯನ್ನೂ ಮರೆಯಬೇಡಿ.

ಅಳತೆಯ ಕೊನೆಯಲ್ಲಿ 88ಎಚ್ ಎಂಬಂಥ ಗುರುತಿರುತ್ತದೆ. 88 ಎಂದರೆ ಒಂದು ಟೈರು ಹೊರಬಲ್ಲ ಭಾರ 560 ಕಿಲೋ. ‘ಎಚ್’ ಎಂದರೆ ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಕೆಲವು ಟೈರುಗಳಲ್ಲಿ ‘ಟೆಂಪರೇಚರ್’ ಎಂಬ ಪದದ ಮುಂದೆ ಎ, ಬಿ ಅಥವಾ ಸಿ ಇರುತ್ತದೆ. ಕಾವು ತಡೆಯುವುದರಲ್ಲಿ ‘ಎ’ ಮೇಲಿನದು. ನಮ್ಮ ಸೀಮೆಯವರು ಅದನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ಟ್ರೆಡ್ಡಿನ ಕಾಲುವೆಗಳ ಆಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರು ದಿಂಡುಗಳಿವೆ. ಟ್ರೆಡ್ಡು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿ.ಮೀ. ಕಾರಿಗೆ ಕಾನೂನಿನ ಮಿತಿ ಅದು. ಮಳೆನೀರನ್ನು ಹೊರದೂಡುವುದು ಈ ಕಾಲುವೆಗಳೇ ಆದ್ದರಿಂದ ಅಲ್ಲಿಯವರೆಗೂ ಕಾಯದೆ ಬದಲಿಸುವುದು ಜಾಣತನ.

ಉತ್ತರಕ್ಕೆ ಹೊರಟವರಿಗೆ

ಚಳಿಗಾಲದಲ್ಲಿ ಶ್ರೀನಗರ, ಮನಾಲಿಯ ಕಡೆ ಹೊರಟವರು ನಮ್ಮೂರಿನ ಟೈರಿನ ಮೇಲೆ ಭರವಸೆ ಇಡಬಾರದು. ಮನಾಲಿಯಿಂದ ಲಾಹೌಲಿಗೆ 2020ರಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಇರುವುದು ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿ. ಅದರ ಎರಡೂ ಬಾಯಲ್ಲಿ ಹಿಮ ಬೀಳುತ್ತದೆ. ಅಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿ ಜೊತೆಗಿರಲಿ. ಎಂಜಿನ್ನಿನ ಶಕ್ತಿ ಹೋಗುವ ಚಕ್ರಗಳಿಗೆ ಅದನ್ನು ಕಟ್ಟಬೇಕು, ಹಿಮ ಮುಗಿದ ಕೂಡಲೇ ಬಿಚ್ಚಬೇಕು. ಕಟ್ಟುವುದನ್ನು ಮನೆಯ ಮುಂದೆಯೇ ಒಮ್ಮೆ ಕಲಿತು ಹೋಗಿ. ಚಳಿಗೆ ಗಾಳಿ ಕುಗ್ಗುವುದರಿಂದ ಒತ್ತಡವನ್ನು ಅಲ್ಲಿ ಮತ್ತೆ ನೋಡಿಸಿ. ರಸ್ತೆ ಗಾಜಿನಂತೆ ಹೊಳೆಯುತ್ತಿದ್ದರೆ ಮುಂದೆ ಹೋಗದೆ, ಅಲ್ಲಿಯ ಚಾಲಕರಿಗೆ ಸ್ಟಿಯರಿಂಗು ಕೊಡಿ.

ಊರಲ್ಲೇ ಇರುವವರಿಗೆ ಹೇಳುವುದು ಇಷ್ಟೇ. ನಾಳೆ ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಐದು ನಿಮಿಷ ಕೂತು ನಾಲ್ಕು ಟೈರು ಮತ್ತು ಸ್ಟೆಪ್ನಿಯ ಹುಟ್ಟಿದ ವಾರ ಓದಿ, ಟ್ರೆಡ್ಡಿನ ಕಾಲುವೆಗಳ ಆಳ ನೋಡಿ, ಗಾಳಿ ಅಳೆಸಿ. ಮನೆಮಂದಿಯನ್ನೆಲ್ಲ ಹೊರುವುದು ಆ ನಾಲ್ಕು ಅಂಗೈಯಷ್ಟು ರಬ್ಬರು.